ಒಂದೇ ಊರಿಗೆ ಮೂರು ತಾಪಮಾನ: ಜಗತ್ತಿನ ನಗರಗಳ ಪಕ್ಕದಲ್ಲಿ ನಮ್ಮ ಹವೆಯನ್ನು ಇಟ್ಟು ನೋಡುವುದು ಹೇಗೆ?

2024ರ ಮೇ 29ರ ಮಧ್ಯಾಹ್ನ ದೆಹಲಿಯ ಅಂಚಿನ ಮುಂಗೇಶಪುರದಲ್ಲಿರುವ ಸ್ವಯಂಚಾಲಿತ ಹವಾಮಾನ ಕೇಂದ್ರ 52.9 ಡಿಗ್ರಿ ಸೆಲ್ಸಿಯಸ್ ತೋರಿಸಿತು. ರಾಜಸ್ಥಾನದ ಫಲೋಡಿಯಲ್ಲಿ 2016ರ ಮೇ 19ರಂದು ದಾಖಲಾದ 51 ಡಿಗ್ರಿ ದೇಶದ ಅಧಿಕೃತ ದಾಖಲೆ. ಅದನ್ನು ರಾಜಧಾನಿಯೇ ಮುರಿಯಿತೆಂದರೆ ಸುದ್ದಿಯಾಗದೆ ಇದ್ದೀತೆ? ಕೆಲವೇ ಗಂಟೆಗಳಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಆ ಅಂಕಿಯನ್ನು ಎತ್ತಿಕೊಂಡವು. ಆದರೆ ಅದೇ ಮಧ್ಯಾಹ್ನ ದೆಹಲಿಯ ಮುಖ್ಯ ವೀಕ್ಷಣಾಲಯವಾದ ಸಫ್ದರ್‌ಜಂಗ್‌ನಲ್ಲಿ ದಾಖಲಾದ ಗರಿಷ್ಠ ತಾಪಮಾನ 46.8 ಡಿಗ್ರಿ. ಒಂದೇ ಊರು, ಒಂದೇ ದಿನ, ಆರು ಡಿಗ್ರಿ ಅಂತರ. ಭಾರತೀಯ ಹವಾಮಾನ ಇಲಾಖೆ ತಜ್ಞರನ್ನು ಕಳಿಸಿ ಪರಿಶೀಲಿಸಿದಾಗ ಮುಂಗೇಶಪುರದ ಸಂವೇದಕ ಮೂರು ಡಿಗ್ರಿಯಷ್ಟು ಹೆಚ್ಚು ತೋರಿಸುತ್ತಿದ್ದದ್ದು ಗೊತ್ತಾಯಿತು. ಅದೇ ವಾರ ನಾಗಪುರದ ಇನ್ನೊಂದು ಸ್ವಯಂಚಾಲಿತ ಕೇಂದ್ರ 56 ಡಿಗ್ರಿ ತೋರಿಸಿತು. ಅದೂ ಉಪಕರಣದ ದೋಷವೇ ಎಂದು ಇಲಾಖೆ ತಿಳಿಸಿತು. ಸುದ್ದಿ ಓಡಿದ ವೇಗದಲ್ಲಿ ತಿದ್ದುಪಡಿ ಓಡಲಿಲ್ಲ.

ಕೆಟ್ಟ ಉಪಕರಣದ ಕತೆ ಅರ್ಥವಾಗುವಂಥದ್ದು. ಓದುಗರನ್ನು ನಿಜವಾಗಿ ಕಂಗೆಡಿಸುವುದು ಸರಿಯಾಗಿ ಕೆಲಸ ಮಾಡುತ್ತಿರುವ ಉಪಕರಣಗಳು. ಬೇಸಿಗೆ ಬಂತೆಂದರೆ ‘ಜಗತ್ತಿನ ಅತಿ ಬಿಸಿ ನಗರಗಳ’ ಪಟ್ಟಿ, ಚಳಿಗಾಲ ಬಂತೆಂದರೆ ‘ಇಂದು ಬೆಂಗಳೂರು ಇಂಥ ಗಿರಿಧಾಮಕ್ಕಿಂತ ತಂಪು’ ಎಂಬ ಚಿತ್ರ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡುತ್ತದೆ. ದುಬೈ, ಲಂಡನ್, ಸಿಯಾಟಲ್‌ಗಳಲ್ಲಿರುವ ಕನ್ನಡಿಗರು ತಮ್ಮ ಊರಿನ ಅಂಕಿಯನ್ನು ಜೋಡಿಸಿ ಮರಳಿ ಕಳಿಸುತ್ತಾರೆ. ಎರಡು ನಗರಗಳನ್ನು ಪಕ್ಕಪಕ್ಕ ಇಟ್ಟು ತೋರಿಸುವ ಜಾಲತಾಣಗಳು ಬೇಕಾದಷ್ಟಿವೆ. ಅವು ಸುಳ್ಳು ಹೇಳುವುದು ಅಪರೂಪ. ಆದರೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೇವೆ ಎಂಬುದನ್ನು ಮಾತ್ರ ಅವು ಬಾಯಿಬಿಟ್ಟು ಹೇಳುವುದಿಲ್ಲ.

ಅಂಕಿ ಹುಟ್ಟುವ ಜಾಗ

ಹವಾಮಾನದ ಲೆಕ್ಕದಲ್ಲಿ ತಾಪಮಾನವೆಂದರೆ ನೆರಳಿನಲ್ಲಿರುವ ಗಾಳಿಯ ತಾಪಮಾನ. ಬಿಸಿಲು ನೇರ ಬೀಳದಂತೆ, ಗಾಳಿ ಮಾತ್ರ ಆಡುವಂತೆ ಪಕ್ಕೆಗಳಲ್ಲಿ ಸೀಳುಗಳಿರುವ ಬಿಳಿ ಬಣ್ಣದ ಪೆಟ್ಟಿಗೆಯೊಳಗೆ ಉಷ್ಣಮಾಪಕವನ್ನು ಇಡುತ್ತಾರೆ. ಸ್ಟೀವನ್ಸನ್ ಪೆಟ್ಟಿಗೆ ಎಂದು ಅದರ ಹೆಸರು. ನೆಲದಿಂದ ಒಂದೂಕಾಲು ಮೀಟರಿನಿಂದ ಎರಡು ಮೀಟರಿನವರೆಗಿನ ಎತ್ತರ, ಸುತ್ತ ಬಯಲು, ಹತ್ತಿರದಲ್ಲಿ ಕಾಂಕ್ರೀಟ್ ಗೋಡೆ ಇರಬಾರದು ಎಂಬೆಲ್ಲ ನಿಯಮಗಳಿವೆ. ಸಿಗ್ನಲ್‌ನಲ್ಲಿ ನಿಂತ ಕಾರಿನ ಫಲಕ 41 ಎನ್ನುವಾಗ ವೀಕ್ಷಣಾಲಯ 36 ಎನ್ನುತ್ತದೆ. ಒಂದು ಕಾದ ಡಾಂಬರಿನ ಮೇಲಿನ ಗಾಳಿಯನ್ನು ಅಳೆಯುತ್ತಿದೆ, ಇನ್ನೊಂದು ಹುಲ್ಲಿನ ಮೇಲಿನ ನೆರಳನ್ನು. ಇಲಾಖೆ ತಾಪಮಾನವನ್ನು ‘ಮುಚ್ಚಿಡುತ್ತಿದೆ’ ಎಂಬ ಗುಮಾನಿ ಬಹುಪಾಲು ಹುಟ್ಟುವುದು ಇಲ್ಲಿಂದ.

ನಿಯಮಬದ್ಧವಾಗಿ ಅಳೆದ ಮಾತ್ರಕ್ಕೆ ಊರಿಗೊಂದೇ ಅಂಕಿ ಸಿಗುವುದೂ ಇಲ್ಲ. ಬೆಂಗಳೂರಿನ ಸುದ್ದಿಯಲ್ಲಿ ಸಾಮಾನ್ಯವಾಗಿ ಮೂರು ಅಂಕಿಗಳು ಬರುತ್ತವೆ: ನಗರದ ವೀಕ್ಷಣಾಲಯದ್ದು, ಎಚ್‌ಎಎಲ್ ವಿಮಾನ ನಿಲ್ದಾಣದ್ದು, ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ್ದು. ವಿಮಾನ ನಿಲ್ದಾಣಗಳು ಪೈಲಟ್‌ಗಳಿಗಾಗಿ ಅರ್ಧ ಗಂಟೆಗೊಮ್ಮೆ ಗೊತ್ತಾದ ಸಂಕೇತಗಳಲ್ಲಿ ಹವಾ ವರದಿ ಹೊರಡಿಸುತ್ತವೆ. ಅದು ಜಗತ್ತಿನಾದ್ಯಂತ ಪುಕ್ಕಟೆ ಸಿಗುವುದರಿಂದ ಅನೇಕ ಜಾಲತಾಣಗಳು ಅದನ್ನೇ ಊರಿನ ಹೆಸರಿನಡಿ ಹಾಕಿಬಿಡುತ್ತವೆ. ಹಣೆಪಟ್ಟಿ ಬೆಂಗಳೂರಿನದು, ಅಳತೆ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಬಯಲಿನದು. ಮಂಗಳೂರಿನಲ್ಲಿ ಬಜಪೆಯ ವಿಮಾನ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ, ಪಣಂಬೂರಿನ ಕೇಂದ್ರ ಕಡಲ ಪಕ್ಕದಲ್ಲಿದೆ. ಸಮುದ್ರದ ಗಾಳಿ ಬೀಸಲು ಶುರುವಾದ ಮಧ್ಯಾಹ್ನ ಈ ಎರಡು ಒಂದೇ ಮಾತು ಆಡುವುದಿಲ್ಲ.

ಇನ್ನು ಅಳತೆಯೇ ಇಲ್ಲದ ಅಂಕಿಯೂ ಇದೆ, ಮತ್ತು ಹೋಲಿಕೆಯ ತಾಣಗಳಲ್ಲಿ ಹೆಚ್ಚಾಗಿ ಸಿಗುವುದು ಅದೇ. ಉಪಗ್ರಹ, ಬಲೂನು, ಹಡಗು, ನೆಲದ ಕೇಂದ್ರಗಳಿಂದ ಬಂದ ಮಾಹಿತಿಯನ್ನು ಸೂಪರ್ ಕಂಪ್ಯೂಟರಿಗೆ ಉಣಿಸಿ, ಭೂಮಿಯನ್ನು ಚೌಕಗಳಾಗಿ ಕೊಯ್ದು, ಪ್ರತಿ ಚೌಕಕ್ಕೂ ಒಂದೊಂದು ತಾಪಮಾನ, ಒಂದೊಂದು ಮಳೆಯ ಅಂಕಿಯನ್ನು ಲೆಕ್ಕ ಹಾಕುತ್ತಾರೆ. ಯುರೋಪಿನ ಹವಾ ಮುನ್ಸೂಚನಾ ಕೇಂದ್ರ ತಯಾರಿಸುವ ಇಆರ್‌ಎ5 ಎಂಬ ಪ್ರಸಿದ್ಧ ದತ್ತಾಂಶದಲ್ಲಿ ಒಂದು ಚೌಕದ ಅಗಲ ಸುಮಾರು 31 ಕಿಲೋಮೀಟರ್. ರಾಯಚೂರಿನಂಥ ಬಯಲಿಗೆ ಇದು ನಡೆಯುತ್ತದೆ. ಪಶ್ಚಿಮ ಘಟ್ಟಕ್ಕೆ ಬಂದರೆ ಪೇಚಾಟ ಶುರು. ಘಟ್ಟದ ಬುಡದ ಸೋಮೇಶ್ವರ, ಆರುನೂರು ಮೀಟರಿಗೂ ಎತ್ತರದ ಆಗುಂಬೆ ಎರಡೂ ಒಂದೇ ಚೌಕದೊಳಗೆ ಕೂರಬಹುದು. ಆಗ ಕಂಪ್ಯೂಟರಿನ ಆಗುಂಬೆ ಬೆಟ್ಟವೂ ಅಲ್ಲದ, ಬುಡವೂ ಅಲ್ಲದ ಒಂದು ಇಳಿಜಾರು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ಪೂರ್ವಕ್ಕೆ ಚಿತ್ರದುರ್ಗದ ಬಯಲಿಗೆ ಬರುವಷ್ಟರಲ್ಲಿ ಅದರ ಹತ್ತನೆಯ ಒಂದು ಪಾಲು ಸಿಕ್ಕರೆ ಹೆಚ್ಚು. ಇಷ್ಟು ಕಡಿದಾದ ವ್ಯತ್ಯಾಸ ದೊಡ್ಡ ಚೌಕದಲ್ಲಿ ಕರಗಿಹೋಗುತ್ತದೆ. 2025ರ ಮೇ ತಿಂಗಳಲ್ಲಿ ಭಾರತ ಜಾರಿಗೆ ತಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ ಮುನ್ಸೂಚನೆಯ ಚೌಕವನ್ನು 12 ಕಿಲೋಮೀಟರಿನಿಂದ 6ಕ್ಕೆ ಇಳಿಸಿದ್ದರ ಮಹತ್ವ ಇರುವುದು ಇಲ್ಲಿ.

ಏಪ್ರಿಲ್ ಪಟ್ಟಿಯಲ್ಲಿ ನಮ್ಮದೇ ಊರುಗಳು ಏಕೆ?

ಏಪ್ರಿಲ್, ಮೇ ತಿಂಗಳಲ್ಲಿ ‘ಕಳೆದ 24 ಗಂಟೆಗಳ ಅತಿ ಬಿಸಿ ಊರುಗಳ’ ಪಟ್ಟಿ ನೋಡಿದರೆ ಭಾರತ, ಪಾಕಿಸ್ತಾನದ ಹೆಸರುಗಳೇ ತುಂಬಿರುತ್ತವೆ. ಭೂಮಿಯ ಅತ್ಯಂತ ಬಿಸಿ ಜಾಗ ನಮ್ಮದೇ ಎಂದು ಇದರ ಅರ್ಥವೇ? ಅಲ್ಲ. ಸೂರ್ಯ ಆಗ ನಮ್ಮ ನೆತ್ತಿಯ ಮೇಲಿರುತ್ತಾನೆ ಎಂದಷ್ಟೇ ಅರ್ಥ. ಬೆಂಗಳೂರಿನಲ್ಲಿ ನೆರಳು ಕಾಲಡಿಗೆ ಸೇರುವ ಶೂನ್ಯ ನೆರಳಿನ ದಿನ ಏಪ್ರಿಲ್ 24ರ ಸುಮಾರಿಗೆ ಬರುತ್ತದೆ. ಮುಂಗಾರು ಇನ್ನೂ ಬಂದಿಲ್ಲ, ಮೋಡವಿಲ್ಲ, ನೆಲ ಒಣಗಿದೆ. ಹೀಗಾಗಿ ಬಿಸಿಲಿನ ಶಕ್ತಿಯೆಲ್ಲ ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗದೆ ಗಾಳಿಯನ್ನೇ ಕಾಯಿಸುತ್ತದೆ. ಜೂನ್‌ನಲ್ಲಿ ಮಳೆ ಬಿದ್ದೊಡನೆ ದಕ್ಷಿಣ ಭಾರತ ಪಟ್ಟಿಯಿಂದ ಇಳಿಯುತ್ತದೆ. ಕುವೈತ್, ಇರಾಕ್‌ಗಳು ಮೇಲೇರುತ್ತವೆ. ಜನವರಿಯಲ್ಲಿ ಪಟ್ಟಿ ಆಸ್ಟ್ರೇಲಿಯಾದ ಒಳನಾಡಿನ ಪಾಲು. ಹಾಗಾಗಿ ಏಪ್ರಿಲ್‌ನಲ್ಲಿ ಕಲಬುರಗಿಯನ್ನು ಬಾಗ್ದಾದ್ ಜೊತೆ ತೂಗಿದರೆ ಒಬ್ಬನ ನಡುಬೇಸಿಗೆಯನ್ನು ಇನ್ನೊಬ್ಬನ ವಸಂತದ ಜೊತೆ ತೂಗಿದಂತೆ.

ಪಟ್ಟಿಗೆ ಇನ್ನೊಂದು ಓರೆಯೂ ಇದೆ. ಕೇಂದ್ರವಿರುವ ಊರು ಮಾತ್ರ ಪಟ್ಟಿ ಸೇರಲು ಸಾಧ್ಯ. ಉತ್ತರ ಭಾರತದಲ್ಲಿ ವೀಕ್ಷಣಾಲಯಗಳು ಒತ್ತೊತ್ತಾಗಿವೆ, ಸಹಾರಾ ಮರುಭೂಮಿಯಲ್ಲಿ ನೂರಾರು ಕಿಲೋಮೀಟರಿಗೆ ಒಂದು ಸಿಕ್ಕರೆ ಪುಣ್ಯ. ಒಂದೇ ಬಿಸಿಗಾಳಿ ನಮ್ಮ ಹತ್ತು ಊರುಗಳನ್ನು ಪಟ್ಟಿಗೆ ಹತ್ತಿಸುತ್ತದೆ, ಸಹಾರಾದಲ್ಲಿ ಅಷ್ಟೇ ವಿಸ್ತಾರದ ಬಿಸಿ ಒಂದೋ ಎರಡೋ ಹೆಸರಾಗಿ ಕಾಣಿಸುತ್ತದೆ.

‘ಈ ಕ್ಷಣದ’ ಹೋಲಿಕೆಯಂತೂ ಇನ್ನೂ ತಮಾಷೆ. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಮಧ್ಯಾಹ್ನ ಮೂರು ಗಂಟೆಯಾದಾಗ ಲಂಡನ್ನಿನಲ್ಲಿ ಬೆಳಗಿನ ಹತ್ತೂವರೆ, ನ್ಯೂಯಾರ್ಕ್‌ನಲ್ಲಿ ಇನ್ನೂ ನಸುಕಿನ ಐದೂವರೆ. ದಿನದ ಗರಿಷ್ಠವನ್ನು ದಿನದ ಕನಿಷ್ಠದ ಪಕ್ಕದಲ್ಲಿಟ್ಟು ಬೆರಗಾಗುವುದರಲ್ಲಿ ಏನಿದೆ?

ಸರಾಸರಿ ಬಚ್ಚಿಡುವುದು

ಒಂದು ದಿನದ ಅಂಕಿ ಬೇಡ, ವಾರ್ಷಿಕ ಸರಾಸರಿ ನೋಡೋಣ ಎನ್ನುವವರು ಜಾಣರೇ. ಆದರೆ ಬೆಂಗಳೂರಿನ ವಾರ್ಷಿಕ ಸರಾಸರಿ ತಾಪಮಾನ ಸುಮಾರು 24 ಡಿಗ್ರಿ, ದೆಹಲಿಯದ್ದು ಸುಮಾರು 25. ಈ ಲೆಕ್ಕದಲ್ಲಿ ಎರಡು ಊರುಗಳ ಹವೆ ಹೆಚ್ಚುಕಡಿಮೆ ಒಂದೇ! ದೆಹಲಿಯ ಜನವರಿಯ ಚಳಿ, ಜೂನ್‌ನ ಉರಿ ಒಂದನ್ನೊಂದು ತಿಂದುಹಾಕಿ ಹದವಾದ ಅಂಕಿ ಉಳಿದಿದೆ. ಬೆಂಗಳೂರಿನಲ್ಲಿ ಅತಿ ತಂಪು ತಿಂಗಳಿಗೂ ಅತಿ ಬಿಸಿ ತಿಂಗಳಿಗೂ ನಡುವಿನ ಅಂತರ ಆರೇಳು ಡಿಗ್ರಿ, ದೆಹಲಿಯಲ್ಲಿ ಅದು ಇಪ್ಪತ್ತರ ಸಮೀಪ. ಎರಡು ಊರುಗಳಲ್ಲಿ ಬಾಳುವವರ ಬಟ್ಟೆಬರೆ, ಕರೆಂಟಿನ ಬಿಲ್ಲು ಬೇರೆಯಾಗುವುದು ಈ ಅಂತರದಿಂದ.

ಮಳೆಯ ವಿಷಯ ಇನ್ನೂ ಸ್ವಾರಸ್ಯ. ಸದಾ ಜಿನುಗುವ ಊರೆಂದು ಹೆಸರಾದ ಲಂಡನ್ನಿನಲ್ಲಿ ವರ್ಷವಿಡೀ ಬೀಳುವುದು ಸುಮಾರು 600 ಮಿಲಿಮೀಟರ್. ಮಂಗಳೂರಿನ ಜುಲೈ ತಿಂಗಳೊಂದೇ ಅದನ್ನು ಮೀರಿಸುತ್ತದೆ. ಕನ್ನಡಿಗ ಸಾಫ್ಟ್‌ವೇರ್ ಮಂದಿಗೆ ಪರಿಚಿತವಾದ ಸಿಯಾಟಲ್ ಅಮೆರಿಕದ ಮಳೆಯೂರು ಎಂದೇ ಪ್ರಸಿದ್ಧ. ಆದರೆ ಅದರ ವಾರ್ಷಿಕ ಮಳೆ ಬೆಂಗಳೂರಿನದಕ್ಕೆ ಹತ್ತಿರಹತ್ತಿರ, ಎರಡೂ ಸಾವಿರ ಮಿಲಿಮೀಟರಿನ ಆಸುಪಾಸು. ಹಾಗಾದರೆ ಸಿಯಾಟಲ್‌ನಲ್ಲಿ ಮಳೆಯ ದಿನಗಳು 150ಕ್ಕೂ ಹೆಚ್ಚು, ಬೆಂಗಳೂರಿನಲ್ಲಿ 60ರ ಸುಮಾರು ಎಂದು ಜಾಲತಾಣ ತೋರಿಸುವುದೇಕೆ? ಅರ್ಧ ಕಾರಣ ನಿಜವಾದದ್ದು: ಅಲ್ಲಿ ಚಳಿಗಾಲವೆಲ್ಲ ತುಂತುರು, ಇಲ್ಲಿ ಸೆಪ್ಟೆಂಬರಿನ ಸಂಜೆ ಗುಡುಗಿ ಒಂದೇ ತಾಸಿನಲ್ಲಿ ರಸ್ತೆ ಹೊಳೆಯಾಗುತ್ತದೆ. ಉಳಿದರ್ಧ ಬರೀ ವ್ಯಾಖ್ಯೆಯದು. ಭಾರತದಲ್ಲಿ ಎರಡೂವರೆ ಮಿಲಿಮೀಟರ್ ಬಿದ್ದರೆ ಮಾತ್ರ ಅದು ಮಳೆಯ ದಿನ. ಬ್ರಿಟನ್ನಿನ ಪಟ್ಟಿಗಳಲ್ಲಿ ಒಂದು ಮಿಲಿಮೀಟರ್ ಸಾಕು. ಅಮೆರಿಕದಲ್ಲಿ ಇಂಚಿನ ನೂರನೆಯ ಒಂದು ಭಾಗ, ಅಂದರೆ ಕಾಲು ಮಿಲಿಮೀಟರ್ ಸಾಕು. ಹೋಲಿಕೆಯ ತಾಣಗಳು ಈ ಮೂರನ್ನೂ ಒಂದೇ ಸಾಲಿನಲ್ಲಿ, ಒಂದೇ ಬಣ್ಣದ ಕಂಬಗಳಾಗಿ ನಿಲ್ಲಿಸುತ್ತವೆ.

ದಿನದ ಗಡಿಯೂ ಬೇರೆ. ನಮ್ಮಲ್ಲಿ ಮಳೆಯ ದಿನ ಮುಗಿಯುವುದು ನಡುರಾತ್ರಿಯಲ್ಲ, ಬೆಳಿಗ್ಗೆ 8.30ಕ್ಕೆ. ಸೋಮವಾರ ಸಂಜೆ ಸುರಿದದ್ದು ಮಂಗಳವಾರದ ಲೆಕ್ಕಕ್ಕೆ ಸೇರುತ್ತದೆ.

ಜೊತೆಗೆ ‘ವಾಡಿಕೆ’ ಯಾವ ಕಾಲದ್ದು ಎಂಬ ಪ್ರಶ್ನೆ. ಮೂವತ್ತು ವರ್ಷಗಳ ಸರಾಸರಿಯನ್ನು ವಾಡಿಕೆ ಎನ್ನುತ್ತಾರೆ. ಒಂದು ಊರಿಗೆ 1961ರಿಂದ 1990ರವರೆಗಿನದು, ಇನ್ನೊಂದಕ್ಕೆ 1991ರಿಂದ 2020ರವರೆಗಿನದು ಹಾಕಿದ್ದರೆ, ನಡುವೆ ಭೂಮಿಯೇ ಬಿಸಿಯಾಗಿರುವುದರಿಂದ ತಕ್ಕಡಿ ಮೊದಲೇ ವಾಲಿರುತ್ತದೆ.

ಬಿಸಿಲು ಬೇರೆ, ಸೆಕೆ ಬೇರೆ

ಇದನ್ನು ಕನ್ನಡ ಎಂದೋ ಗುರುತಿಸಿದೆ. ಕಲಬುರಗಿಯವರು ಬಿಸಿಲನ್ನು ಶಪಿಸುತ್ತಾರೆ, ಮಂಗಳೂರಿನವರು ಸೆಕೆಯನ್ನು. ಉಷ್ಣಮಾಪಕಕ್ಕೆ ಮಾತ್ರ ಈ ಭೇದ ತಿಳಿಯದು. ಮೈ ತಣ್ಣಗಾಗುವುದು ಬೆವರು ಆರುವುದರಿಂದ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಒಳಗಿನ ಬಿಸಿ ಹೊರಹೋಗುವುದಿಲ್ಲ. ಅಮೆರಿಕದಲ್ಲಿ ಬಳಕೆಯಲ್ಲಿರುವ ಶಾಖ ಸೂಚ್ಯಂಕದ ಪ್ರಕಾರ 32 ಡಿಗ್ರಿ ತಾಪಮಾನ, ಶೇ 70 ಆರ್ದ್ರತೆ ಇದ್ದರೆ ಮೈಗೆ ಸುಮಾರು 40 ಡಿಗ್ರಿ ಎನಿಸುತ್ತದೆ. 38 ಡಿಗ್ರಿ ಇದ್ದು ಆರ್ದ್ರತೆ ಶೇ 15 ಮಾತ್ರ ಇದ್ದರೆ 36ರ ಆಸುಪಾಸು. ಅಂದರೆ ಒಣ ಬಯಲಿನ 38, ಕಡಲ ತೀರದ 32ಕ್ಕಿಂತ ಸಹ್ಯ! ದುಬೈಯ ಆಗಸ್ಟ್ ತಿಂಗಳು ಅಲ್ಲಿನ ಕಟ್ಟಡ ಕಾರ್ಮಿಕರಿಗೆ ದುಸ್ಸಹವಾಗುವುದು ಮರಳಿನ ಬಿಸಿಯಿಂದ ಮಾತ್ರವಲ್ಲ, ಕೊಲ್ಲಿಯಿಂದ ಏಳುವ ತೇವದಿಂದ.

ಆದರೆ ‘ಅನುಭವಕ್ಕೆ ಬರುವ ತಾಪ’ ಎಂದು ಮೊಬೈಲ್ ತೋರಿಸುವ ಅಂಕಿಗೂ ಜಗತ್ತಿನಾದ್ಯಂತ ಒಂದೇ ಸೂತ್ರವಿಲ್ಲ. ಕೆನಡಾದ್ದು ಬೇರೆ, ಅಮೆರಿಕದ್ದು ಬೇರೆ, ಖಾಸಗಿ ಕಂಪನಿಗಳು ಗಾಳಿ, ಮೋಡ, ಬಿಸಿಲನ್ನೆಲ್ಲ ಬೆರೆಸಿ ತಮ್ಮದೇ ಸೂತ್ರ ಕಟ್ಟಿಕೊಂಡಿವೆ. ಭಾರತೀಯ ಹವಾಮಾನ ಇಲಾಖೆಯೂ 2023ರಲ್ಲಿ ಪ್ರಾಯೋಗಿಕವಾಗಿ ಶಾಖ ಸೂಚ್ಯಂಕ ಪ್ರಕಟಿಸಲು ಆರಂಭಿಸಿತು. ಹೀಗಾಗಿ ಒಂದು ಆ್ಯಪ್‌ನ ‘ಅನುಭವದ ತಾಪ’ವನ್ನು ಇನ್ನೊಂದು ತಾಣದ ನೇರ ತಾಪಮಾನದ ಎದುರು ನಿಲ್ಲಿಸಿದರೆ ಬರುವ ಉತ್ತರಕ್ಕೆ ಬೆಲೆಯಿಲ್ಲ. ಇಂಥ ಚಿತ್ರಗಳು ಹರಿದಾಡುವುದೇ ಹೆಚ್ಚು.

‘ಬಿಸಿಗಾಳಿ’ ಎಂಬ ಪದವೂ ದೇಶದಿಂದ ದೇಶಕ್ಕೆ ಅರ್ಥ ಬದಲಿಸುತ್ತದೆ. ಲಂಡನ್ನಿನಲ್ಲಿ ಸತತ ಮೂರು ದಿನ 28 ಡಿಗ್ರಿ ಮುಟ್ಟಿದರೆ ಅದು ಬಿಸಿಗಾಳಿ. ಭಾರತದ ಬಯಲು ನಾಡಿನಲ್ಲಿ ಕನಿಷ್ಠ 40, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಡಿಗ್ರಿ ದಾಟಬೇಕು. ಅದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ವಾಡಿಕೆ ಏನೇ ಇರಲಿ, 45 ದಾಟಿದರೆ ಬಿಸಿಗಾಳಿಯೇ. ಬೆಂಗಳೂರು ನಗರದ ವೀಕ್ಷಣಾಲಯ ಕಂಡ ಗರಿಷ್ಠ 39.2 ಡಿಗ್ರಿ, 2016ರ ಏಪ್ರಿಲ್‌ನಲ್ಲಿ. ಬೇಸಿಗೆಯಲ್ಲಿ ಎಷ್ಟೇ ಬೆಂದರೂ 40ರ ಗೆರೆಯನ್ನು ನಗರ ಮುಟ್ಟಿಲ್ಲ. ಫ್ಯಾನ್ ಕೂಡ ಬೇಡವೆಂದು ಕಟ್ಟಿಸಿದ ಹಳೆಯ ಮನೆಗಳಲ್ಲಿ ಇರುವವರಿಗೆ ಈ ಗೆರೆಯಿಂದ ಸಮಾಧಾನವೇನೂ ಸಿಗದು.

ಯಾರ ವಾದ ಏನು?

ವಿಶ್ವ ಪಟ್ಟಿಗಳನ್ನು ಸಮರ್ಥಿಸುವವರಿದ್ದಾರೆ. ತಮ್ಮ ಊರಿನ ಹೆಸರು ಕುವೈತ್ ಪಕ್ಕದಲ್ಲಿ ಕಂಡಾಗಲೇ ಜನ ಎಚ್ಚೆತ್ತುಕೊಳ್ಳುತ್ತಾರೆ, ಮರ ಕಡಿಯುವ ಪಾಲಿಕೆಯನ್ನು ಪ್ರಶ್ನಿಸುತ್ತಾರೆ ಎಂಬುದು ಅವರ ಮಾತು. ಅದರಲ್ಲಿ ಹುರುಳಿಲ್ಲದಿಲ್ಲ. ಹವಾಮಾನ ಇಲಾಖೆಯ ನಿಲುವು ಇದಕ್ಕೆ ಎದುರು: ಪ್ರಮಾಣೀಕರಿಸಿದ ಉಪಕರಣ, ದೀರ್ಘ ಕಾಲದ ದಾಖಲೆ ಇರುವ ಕೇಂದ್ರದ ಅಂಕಿಯೇ ಅಂಕಿ. ದತ್ತಾಂಶದ ಕೆಲಸ ಮಾಡುವ ಮೂರನೆಯ ಗುಂಪು ಕೇಳುವ ಪ್ರಶ್ನೆ ಹೆಚ್ಚು ಚುಚ್ಚುವಂಥದ್ದು. ಕೋಟಿಗೂ ಮೀರಿದ ಜನರಿರುವ ಬೆಂಗಳೂರನ್ನು ಮೂರು ಹುಲ್ಲುಹಾಸಿನ ಕೇಂದ್ರಗಳು ಪ್ರತಿನಿಧಿಸಬಲ್ಲವೇ? ಪೀಣ್ಯದ ತಗಡಿನ ಸೂರಿನಡಿಯ ಬಿಸಿಯನ್ನು ಯಾರು ಅಳೆದರು? ಅಧಿಕೃತ ಕೇಂದ್ರ ಹವಾಮಾನವನ್ನು ಅಳೆಯುತ್ತದೆ, ಜನ ಅನುಭವಿಸುವ ಬಿಸಿಯನ್ನಲ್ಲ ಎಂಬ ಈ ವಾದವೇ ಹೆಚ್ಚು ಗಟ್ಟಿ. ಆದರೆ ಅದಕ್ಕೆ ಪರಿಹಾರ ಲಗಾಮಿಲ್ಲದ ಪಟ್ಟಿಗಳಲ್ಲ, ಹೆಚ್ಚು ಕೇಂದ್ರಗಳು. ಹೆಚ್ಚು ಕೇಂದ್ರಗಳೆಂದರೆ ಹೆಚ್ಚು ನಿರ್ವಹಣೆ. ಮುಂಗೇಶಪುರ ತೋರಿಸಿದ್ದು ಅದನ್ನೇ.

ತಪ್ಪು ಅಂಕಿ ಒಮ್ಮೆ ಪಟ್ಟಿ ಹತ್ತಿದರೆ ಇಳಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಲಿಬಿಯಾದ ಅಲ್ ಅಜೀಜಿಯಾ ಸಾಕ್ಷಿ. 1922ರ ಸೆಪ್ಟೆಂಬರ್ 13ರಂದು ಅಲ್ಲಿ 58 ಡಿಗ್ರಿ ದಾಖಲಾಯಿತು. ದಶಕಗಳ ಕಾಲ ಶಾಲಾ ಪುಸ್ತಕಗಳಲ್ಲಿ ಅದೇ ವಿಶ್ವದಾಖಲೆ. ವಿಶ್ವ ಹವಾಮಾನ ಸಂಸ್ಥೆ ಹಳೆಯ ದಾಖಲೆಗಳನ್ನು ಕೆದಕಿ, ಉಪಕರಣದ ಸಮಸ್ಯೆ, ಅನುಭವವಿಲ್ಲದ ವೀಕ್ಷಕ, ಡಾಂಬರಿನಂಥ ನೆಲ ಎಂಬ ಕಾರಣಗಳನ್ನು ಕೊಟ್ಟು ಅದನ್ನು ರದ್ದುಪಡಿಸಿದ್ದು 2012ರಲ್ಲಿ, ತೊಂಬತ್ತು ವರ್ಷಗಳ ನಂತರ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯ 56.7 ಡಿಗ್ರಿ ಈಗ ಅಧಿಕೃತ ದಾಖಲೆ. ಅದು 1913ರದ್ದು, ಅದರ ಬಗ್ಗೆಯೂ ತಕರಾರುಗಳಿವೆ.

ಅಂಕಿಯ ಹಿಂದೆ ಹಣ, ಆರೋಗ್ಯ

ಇದು ಬರೀ ಕುತೂಹಲದ ಪ್ರಶ್ನೆಯಾಗಿ ಉಳಿದಿಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಯ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಇಂಥ ತೀರ್ಮಾನಗಳು ಬರಿಯ ತಾಪಮಾನವನ್ನೇ ನೆಚ್ಚಿಕೊಂಡರೆ ಕರಾವಳಿಯ ಸೆಕೆ ಎಂದಿಗೂ ಲೆಕ್ಕಕ್ಕೆ ಬರುವುದಿಲ್ಲ. ಪಣಂಬೂರಿನ ಬಂದರಿನಲ್ಲಿ ಮೂಟೆ ಹೊರುವವನಿಗೆ 34 ಡಿಗ್ರಿಯೇ ಅಪಾಯಕಾರಿ ಆಗಬಹುದು, ಆದರೆ ಅದು ಯಾವ ಪಟ್ಟಿಯನ್ನೂ ಸೇರುವುದಿಲ್ಲ, ಬಿಸಿಗಾಳಿಯ 37ರ ಗೆರೆಯನ್ನೂ ಮುಟ್ಟುವುದಿಲ್ಲ.

ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಅಡಿಕೆ, ಕಾಳುಮೆಣಸು ಬೆಳೆಗಾರರಿಗೆ ಪರಿಹಾರ ನಿರ್ಧಾರವಾಗುವುದು ತೋಟದಲ್ಲಿ ಕೊಳೆತ ಕಾಯಿಯನ್ನು ನೋಡಿ ಅಲ್ಲ, ಹವಾಮಾನ ಕೇಂದ್ರದ ದಾಖಲೆಯನ್ನು ನೋಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ನಿಲ್ಲಿಸಿರುವುದರಿಂದ ಇದು ಸಾಧ್ಯವಾಗಿದೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಅಪರೂಪ. ಒಂದು ಮಳೆಮಾಪಕದ ಬಾಯಿಗೆ ಎಲೆ ಸಿಕ್ಕಿಕೊಂಡರೂ ಆ ಪಂಚಾಯಿತಿಯ ಬೆಳೆಗಾರರ ವಿಮೆಯ ಲೆಕ್ಕ ತಪ್ಪುತ್ತದೆ. ಆ ಹೊತ್ತಿನಲ್ಲಿ ಮೂವತ್ತು ಕಿಲೋಮೀಟರ್ ಚೌಕದ ಆ್ಯಪ್ ಏನು ತೋರಿಸುತ್ತಿತ್ತು ಎಂಬುದು ಪ್ರಯೋಜನಕ್ಕೆ ಬಾರದು.

ಹೋಲಿಸುವುದಾದರೆ

ಹೋಲಿಕೆಯನ್ನೇ ಬಿಡಬೇಕಾಗಿಲ್ಲ. ವಿಶ್ವ ಹವಾಮಾನ ಸಂಸ್ಥೆಯ ನಗರ ಹವಾ ಮಾಹಿತಿ ತಾಣವನ್ನು ಹಾಂಗ್‌ಕಾಂಗ್ ವೀಕ್ಷಣಾಲಯ ನಡೆಸುತ್ತದೆ. ಆಯಾ ದೇಶದ ಹವಾಮಾನ ಇಲಾಖೆ ಕೊಟ್ಟ ತಿಂಗಳುವಾರು ವಾಡಿಕೆ ಅಲ್ಲಿ ಸಿಗುತ್ತದೆ, ಯಾವ ಅವಧಿಯದೆಂಬ ವಿವರವೂ ಕೆಳಗಿರುತ್ತದೆ. ವಾರ್ಷಿಕ ಸರಾಸರಿ ಬಿಟ್ಟು ತಿಂಗಳ ಗರಿಷ್ಠ, ಕನಿಷ್ಠಗಳನ್ನು ನೋಡಬೇಕು, ಜೊತೆಗೆ ಊರಿನ ಎತ್ತರವನ್ನು. ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲೇ ಇವೆ. ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ತಾಪ ಇಳಿಯುವುದರಿಂದ 920 ಮೀಟರ್ ಎತ್ತರದ ಬೆಂಗಳೂರಿಗೆ ಆರು ಡಿಗ್ರಿಯ ರಿಯಾಯಿತಿ ಸಿಕ್ಕಿದೆ.

ಈ ಎತ್ತರದ ಕಾರಣಕ್ಕೆ ಬೆಂಗಳೂರಿಗೆ ಹೋಲಿಕೆಯಾಗಿ ಬರಬೇಕಾದದ್ದು ದುಬೈಯೂ ಅಲ್ಲ, ಲಂಡನ್ನೂ ಅಲ್ಲ, ಕೆನ್ಯಾದ ನೈರೋಬಿ. ಅದೂ ಉಷ್ಣವಲಯದ ಪ್ರಸ್ಥಭೂಮಿಯ ಊರು, ಸುಮಾರು 1,800 ಮೀಟರ್ ಎತ್ತರ. ತಿಂಗಳು ತಿಂಗಳಾಗಿ ಜೋಡಿಸಿದರೆ ಬೆಂಗಳೂರಿನ ಡಿಸೆಂಬರಿನ ಮಧ್ಯಾಹ್ನ, ನೈರೋಬಿಯ ಅತಿ ಬಿಸಿ ತಿಂಗಳಾದ ಫೆಬ್ರುವರಿಯ ಮಧ್ಯಾಹ್ನಕ್ಕೆ ಸರಿಸುಮಾರು ಸಮ. ನಮ್ಮ ಅತಿ ತಂಪು ಅವರ ಅತಿ ಬಿಸಿ. ಹವೆಯನ್ನು ವರ್ಗೀಕರಿಸುವ ಕೋಪೆನ್ ಪದ್ಧತಿ ಈ ಜೋಡಿಯನ್ನೂ ಒಪ್ಪುವುದಿಲ್ಲ. ಅತಿ ತಂಪು ತಿಂಗಳ ಸರಾಸರಿ 18 ಡಿಗ್ರಿಗಿಂತ ಕೆಳಗಿಳಿದರೆ ಊರು ಉಷ್ಣವಲಯದ ಗುಂಪಿನಿಂದ ಹೊರಬರುತ್ತದೆ. ನೈರೋಬಿ ಇಳಿಯುತ್ತದೆ, 21ರ ಸುಮಾರಿಗೇ ನಿಲ್ಲುವ ಬೆಂಗಳೂರು ಇಳಿಯುವುದಿಲ್ಲ. ಹಾಗಾಗಿ ಆ ಪದ್ಧತಿಯಲ್ಲಿ ‘ಹವಾನಿಯಂತ್ರಿತ ನಗರಿ’ ಬೆಂಗಳೂರಿನ ಹೆಸರಿರುವುದು ಬ್ಯಾಂಕಾಕ್ ಜೊತೆಗೆ, ಉಷ್ಣವಲಯದ ಹುಲ್ಲುಗಾವಲು ಎಂಬ ತಲೆಬರಹದ ಕೆಳಗೆ.